ಕಳುವಾದ ನೆಗ್ಗು

ಮಾರ್ಚ್ ಹನ್ನೆರಡು, ಬುಧವಾರ. ಬೆಳಿಗ್ಗೆ ಒಂಬತ್ತೂ ಹದಿನೈದಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕೈಯಲ್ಲಿ ಒಂದೇ ಒಂದು ಚಪ್ಪಲಿ ಇತ್ತು. ಗಂಡಸರ ಚಪ್ಪಲಿ, ಎಡಗಾಲಿನದು. ಅಂಚಿನಲ್ಲಿ ಮೈದಾಹಿಟ್ಟು ಮೆತ್ತಿ ಒಣಗಿತ್ತು. ಅದನ್ನು ತಂದು ರೈಟರ್ ಮೇಜಿನ ಮೇಲೆ, ಠಾಣಾ ಡೈರಿಯ ಪಕ್ಕದಲ್ಲೇ ಇಟ್ಟಳು.

"ನನ್ನ ತಮ್ಮಂದು. ಇನ್ನೊಂದು ಸಿಗಲಿಲ್ಲ."

ರೈಟರ್ ಎಂದರೆ ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವ ಮಹಿಳಾ ಕಾನ್‌ಸ್ಟೇಬಲ್. ಕೆಲಸಕ್ಕೆ ಸೇರಿ ಮೂರು ವರ್ಷವಾದರೂ ಆಕೆಯ ದನಿ ಹೇಗಿದೆ ಎಂದು ಅರ್ಧ ಠಾಣೆಗೆ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ರೈಟರಮ್ಮ. ಉಳಿದವರು ಬಾಯಲ್ಲಿ ಮಾಡುವ ಕೆಲಸವನ್ನು ರೈಟರಮ್ಮ ಕಿವಿಯಲ್ಲೇ ಮುಗಿಸುತ್ತಾಳೆ ಎಂದು ದಫೇದಾರರು ಆಗಾಗ ಕಾಲೆಳೆಯುತ್ತಿದ್ದರು.

ಆಕೆ ಚಪ್ಪಲಿಯನ್ನು ಸರಿಸದೆ, ಅದರ ಪಕ್ಕದಲ್ಲೇ ಕಾಗದ ಹರಡಿದಳು.

"ಮೊದಲಿಂದ ಹೇಳಿ ಅಕ್ಕಾ."

"ತಮ್ಮ ಬೇಕರಿಯಲ್ಲಿ ಒಲೆ ಕೆಲಸ ಮಾಡ್ತಾನೆ. ಬೆಳಗಿನ ಪಾಳಿ. ಆರೂವರೆಗೆ ಸೈಕಲ್ ಹತ್ತಿ ಹೊರಟ. ಏಳು ಗಂಟೆಗೆ ಫೋನು ಬಂತು, ಆಸ್ಪತ್ರೆಗೆ ಬನ್ನಿ ಅಂತ."

"ಫೋನ್ ಯಾರು ಮಾಡಿದ್ದು?"

"ವಾಕಿಂಗ್ ಹೋಗ್ತಿದ್ದ ಒಬ್ಬರು ಮೇಷ್ಟ್ರು. ಅವರು ನೋಡೋ ಹೊತ್ತಿಗೆ ಕಾರು ಆಗಲೇ ತಿರುವಿನಲ್ಲಿತ್ತಂತೆ. ನೀಲಿ ಬಣ್ಣ ಅಂದ್ರು. ಅಷ್ಟೇ."

"ತಮ್ಮನಿಗೆ ಪ್ರಜ್ಞೆ ಇದೆಯಾ?"

"ಕಣ್ಣು ಬಿಡ್ತಾನೆ. ನನ್ನನ್ನೇ ನೋಡಿ ನೀವು ಯಾರು ಅಂತಾನೆ. ಎತ್ತಿ ಆಡಿಸಿದ ಅಕ್ಕನ್ನ!" ಆಕೆಯ ದನಿ ಒಡೆಯಲಿಲ್ಲ, ಗಟ್ಟಿಯಾಯಿತು. "ಗುದ್ದಿದೋನು ಯಾರು ಅಂತ ನೀವು ಹೇಳಿ ಮೇಡಂ. ನಾನು ಯಾರು ಅಂತ ತಮ್ಮನಿಗೆ ನಾನು ಹೇಳ್ಕೋತೀನಿ."

ಅಪರಾಧ ಸಂಖ್ಯೆ 61ರಲ್ಲಿ ಎಫ್‌ಐಆರ್ ದಾಖಲಾಯಿತು. ಅಜಾಗರೂಕ ಚಾಲನೆ, ತೀವ್ರ ಗಾಯ, ಗಾಯಾಳುವನ್ನು ಬಿಟ್ಟು ಪರಾರಿ. ಆರೋಪಿ ಎಂಬ ಜಾಗದಲ್ಲಿ ರೈಟರಮ್ಮ "ನೀಲಿ ಬಣ್ಣದ ಕಾರಿನ ಅಪರಿಚಿತ ಚಾಲಕ" ಎಂದು ಬರೆದಳು.

ಹತ್ತೂ ನಲವತ್ತಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ನೇರ ರಸ್ತೆ, ಎರಡೂ ಕಡೆ ಮುಚ್ಚಿದ ಅಂಗಡಿಗಳ ಸಾಲು, ಒಂದು ಹಂಪು ಕೂಡ ಇಲ್ಲ. ಸೈಕಲ್ಲಿನ ಹಿಂದಿನ ಚಕ್ರ ಎಂಟರ ಅಂಕಿಯಂತೆ ತಿರುಚಿಕೊಂಡಿತ್ತು. ರಸ್ತೆಯ ಮೇಲೆ ಗಾಜಿನ ಚೂರಿಲ್ಲ, ಬಣ್ಣದ ಹೊಪ್ಪಳೆಯಿಲ್ಲ. ಸೈಕಲ್ ಬಿದ್ದ ಜಾಗ ದಾಟಿದ ಮೇಲೆ ಹನ್ನೆರಡು ಅಡಿ ಉದ್ದಕ್ಕೆ ಟೈರು ಉಜ್ಜಿದ ಕಪ್ಪು ಗುರುತು.

ಇನ್‌ಸ್ಪೆಕ್ಟರ್ ಆ ಗುರುತಿನ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ಗುದ್ದಿದ ಮೇಲೆ ಬ್ರೇಕ್ ಹಾಕಿದ್ದಾನೆ. ಗುದ್ದೋವರೆಗೂ ನೋಡೇ ಇಲ್ಲ."

"ಫೋನ್ ನೋಡ್ತಿದ್ದ ಸಾರ್," ಎಂದರು ದಫೇದಾರರು. "ಈಗಿನ ಕಾಲದಲ್ಲಿ ಸ್ಟೇರಿಂಗು ಎಡಗೈಗೆ, ಬಲಗೈ ಅದಕ್ಕೆ."

"ಇಲ್ಲಾ ನಿದ್ದೆಗಣ್ಣು. ಬರ್ಕೊಳ್ಳಮ್ಮ, ಹನ್ನೆರಡು ಅಡಿ."

ಆಕೆ ಆಗಲೇ ಬರೆದುಕೊಂಡಿದ್ದಳು.

ಗುರುವಾರವಿಡೀ ಕ್ಯಾಮೆರಾಗಳ ಹಿಂದೆ ಕಳೆಯಿತು. ಎಟಿಎಂ ಒಂದರ ಕ್ಯಾಮೆರಾದಲ್ಲಿ 6:36ಕ್ಕೆ ಗಾಢ ನೀಲಿ ಕಾರೊಂದು ಹಾದುಹೋಗಿತ್ತು. ಎಳೆ ಬಿಸಿಲು ಗಾಜಿಗೆ ಬಡಿದು ಚಾಲಕನ ಮುಖದ ಜಾಗದಲ್ಲಿ ಬೆಳ್ಳಗೆ ಒಂದು ಉಂಡೆ. ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಸ್ಪಷ್ಟ: 47. ಆ ಕೊನೆಯಂಕಿಗಳಿದ್ದ ನೀಲಿ ಕಾರುಗಳು ಊರಲ್ಲಿ ಮೂರು. ಒಂದು ಎರಡು ವಾರದಿಂದ ಎಂಜಿನ್ ಬಿಚ್ಚಿಸಿಕೊಂಡು ಕೂತಿತ್ತು. ಇನ್ನೊಂದು ಬುಧವಾರ ಊರಲ್ಲೇ ಇರಲಿಲ್ಲ, ಟೋಲ್ ರಸೀದಿ ಇತ್ತು. ಉಳಿದದ್ದು ಔಷಧಿ ಅಂಗಡಿಯವನದು.

ಅತಿವೇಗಕ್ಕೆ ಅವನು ಹಿಂದೆ ಎರಡು ಸಲ ದಂಡ ಕಟ್ಟಿದ್ದ. ಬುಧವಾರ ಎಂಟಕ್ಕೆ ತೆರೆಯಬೇಕಿದ್ದ ಅಂಗಡಿಯನ್ನು ಎಂಟೂ ಇಪ್ಪತ್ತಕ್ಕೆ ತೆರೆದಿದ್ದ ಎಂದು ಪಕ್ಕದ ಜೆರಾಕ್ಸ್ ಅಂಗಡಿಯವಳು ಕೇಳುವ ಮೊದಲೇ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಪೊಲೀಸರು ಅವನ ಮನೆ ಮುಂದೆ ನಿಂತಾಗ ಕಾರು ಅಂಗಳದಲ್ಲೇ ಇತ್ತು. ಬಾನೆಟ್ ಕನ್ನಡಿಯಂತೆ ಹೊಳೆಯುತ್ತಿತ್ತು. ದಫೇದಾರರು ಅದರಲ್ಲಿ ಮೀಸೆ ನೋಡಿಕೊಂಡರು.

"ಬುಧವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಎಲ್ಲಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಮನೇಲಿ. ಕಾರಿಗೆ ಕಾಯ್ತಾ ಇದ್ದೆ."

"ಕಾರು ಎಲ್ಲಿತ್ತು?"

"ನೆಗ್ಗು ಮೇಸ್ತ್ರಿ ಶೆಡ್ಡಲ್ಲಿ. ಹಿಂದಿನ ಬಾಗಿಲು ಯಾರೋ ನೆಗ್ಗಿಸಿ ಹೋಗಿದ್ರು. ಸೋಮವಾರ ಬಿಟ್ಟಿದ್ದೆ. ಬುಧವಾರ ಬೆಳಿಗ್ಗೆ ಏಳಕ್ಕೆ ಮನೆಗೇ ತಂದುಕೊಡ್ತೀನಿ ಅಂದೋರು, ಏಳಾದ ಮೇಲೆ ಫೋನ್ ಮಾಡಿ ಸಂಜೆ ಅಂದ್ರು. ನಡ್ಕೊಂಡು ಅಂಗಡಿಗೆ ಹೋದೆ. ಅದಕ್ಕೇ ತಡ ಆಯ್ತು."

"ಅದಕ್ಕೆ ಸಾಕ್ಷಿ?"

"ನನ್ನ ಕಾರು ನನ್ನ ಹತ್ರ ಇರಲಿಲ್ಲ ಅನ್ನೋಕೆ ಊರನ್ನೆಲ್ಲ ಕರೆದು ತೋರಿಸ್ಬೇಕಿತ್ತಾ?" ಅವನು ಕಣ್ಣಲ್ಲಿ ಕಣ್ಣಿಟ್ಟು, ರೆಪ್ಪೆ ಬಡಿಯದೆ ಮಾತಾಡುತ್ತಿದ್ದ. ಇಷ್ಟು ನೆಟ್ಟಗೆ ನೋಡುವವರನ್ನು ನಂಬಬಾರದು ಎಂಬುದು ಇನ್‌ಸ್ಪೆಕ್ಟರ್ ಇಪ್ಪತ್ತು ವರ್ಷದಲ್ಲಿ ಕಟ್ಟಿಕೊಂಡಿದ್ದ ಲೆಕ್ಕ.

ಕಾರನ್ನು ಜಪ್ತಿ ಮಾಡಿದರು. ಪಂಚನಾಮೆಯಲ್ಲಿ ರೈಟರಮ್ಮ ಕಂಡದ್ದನ್ನೆಲ್ಲ ಬರೆದಳು: ಬಂಪರ್ ಸರಿಯಿದೆ, ದೀಪಗಳು ಸರಿಯಿವೆ, ಬಾನೆಟ್ ನುಣುಪಾಗಿದೆ, ಬಾನೆಟ್‌ನ ಎಡಭಾಗದಲ್ಲಿ ಸಾಸಿವೆ ಕಾಳಿನಷ್ಟು ಬಣ್ಣ ಹಾರಿದ ಗುರುತು.

"ಅದ್ಯಾಕಮ್ಮ ಬರೀತೀಯಾ?" ದಫೇದಾರರು ಬಗ್ಗಿ ನೋಡಿದರು. "ಕಲ್ಲು ಸಿಡಿದಿರುತ್ತೆ. ನನ್ನ ತಲೇಲಿ ಕೂದಲು ಹಾರಿದ ಜಾಗಾನೂ ಬರ್ಕೋ."

ಅವತ್ತೇ ಮಧ್ಯಾಹ್ನ ಹನ್ನೆರಡಕ್ಕೆ ಮೂವರೂ ಮೇಸ್ತ್ರಿಯ ಶೆಡ್ಡಿಗೆ ಹೋದರು.

ಕಾರಿನ ಕೆಲಸದ ಜಾಗವೆಂದರೆ ಬಣ್ಣದ ಘಾಟು ಮೂಗಿಗೆ ಬಡಿಯಬೇಕು. ಇಲ್ಲಿ ಅದಿರಲಿಲ್ಲ. ಮೂರು ಕಡೆ ಬಿಳಿ ಗೋಡೆ, ಗುಡಿಸಿದ ನೆಲ. ಒಂದು ಗೋಡೆಗೆ ಉಕ್ಕಿನ ಕಂಬಿಗಳನ್ನು ಉದ್ದದ ಪ್ರಕಾರ ಸಾಲಾಗಿ ನೇತುಹಾಕಿತ್ತು. ಕೆಲವುಗಳ ತುದಿ ಹಕ್ಕಿಯ ಕೊಕ್ಕಿನಂತೆ ಬಾಗಿತ್ತು, ಕೆಲವುಗಳದು ಚಮಚದಂತೆ ಚಪ್ಪಟೆ. ಮೂಲೆಯಲ್ಲಿ ಗಾಲಿಯ ಮೇಲೆ ನಿಂತ ಅಗಲದ ದೀಪವೊಂದಿತ್ತು, ಬಿಳಿ ಮುಖದ ಮೇಲೆ ಕಪ್ಪು ಗೆರೆಗಳು. ಅದು ಗೋಡೆಗೆ ಮುಖ ಮಾಡಿ ನಿಂತಿತ್ತು, ತಲೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು.

ಮೇಸ್ತ್ರಿಗೆ ಐವತ್ತೈದರ ಆಸುಪಾಸು. ಬೆರಳಿಗೆ ತೆಳ್ಳನೆಯ ಬಟ್ಟೆಯ ಗವಸು. ಒಂದು ಕಾರಿನ ಬಾಗಿಲ ಮೇಲೆ ಅಂಗೈ ಆಡಿಸುತ್ತಿದ್ದವರು, ಸದ್ದಾಗಿ ತಿರುಗಿದರು.

"ಬಣ್ಣ ಬಳಿಯದೆ ನೆಗ್ಗು ತೆಗೀತೀರಂತೆ. ಹೇಗೆ?" ಎಂದರು ಇನ್‌ಸ್ಪೆಕ್ಟರ್.

"ತಾನು ಮೊದಲು ಹೇಗಿದ್ದೆ ಅನ್ನೋದು ತಗಡಿಗೆ ನೆನಪಿರುತ್ತೆ ಸಾರ್. ಹಿಂದುಗಡೆಯಿಂದ ಕಂಬಿ ತೂರಿಸಿ, ಅಕ್ಕಿಕಾಳಿನಷ್ಟು ಒತ್ತಿ, ಮತ್ತೆ ಅಷ್ಟೇ ಒತ್ತಿ, ಅದಕ್ಕೆ ನೆನಪು ಮಾಡಿಕೊಡ್ಬೇಕು. ಜಾಸ್ತಿ ಒತ್ತಿದ್ರೆ ಮೊಡವೆ ಎದ್ದ ಹಾಗೆ ಏಳುತ್ತೆ."

"ಸರಿಯಾಯ್ತು ಅಂತ ಗೊತ್ತಾಗೋದು?"

"ಆ ಗೆರೆ ದೀಪ ಇದೆಯಲ್ಲ, ಅದನ್ನ ಎದುರಿಗೆ ಹಿಡಿದ್ರೆ ಗೆರೆಗಳು ತಗಡಿನ ಮೇಲೆ ಬೀಳುತ್ತವೆ. ನೆಗ್ಗು ಇದ್ದ ಕಡೆ ಗೆರೆ ಬಾಗುತ್ತೆ. ನೆಟ್ಟಗಾದ್ರೆ ಕೆಲಸ ಮುಗೀತು."

"ಬಣ್ಣ ಒಡೆದಿದ್ರೆ?"

"ಕೈ ಹಾಕಲ್ಲ." ಇಷ್ಟು ಹೊತ್ತು ಮೆತ್ತಗಿದ್ದ ದನಿ ಬಿರುಸಾಯಿತು. "ಒಳಗಿಂದ ಒತ್ತಿದ್ರೆ ಇನ್ನಷ್ಟು ಹಾರಿಹೋಗುತ್ತೆ. ಮೂವತ್ತು ವರ್ಷದಲ್ಲಿ ಒಂದು ಸಲಾನೂ ಹಾಕಿಲ್ಲ."

"ಮನುಷ್ಯ ಬಾನೆಟ್ ಮೇಲೆ ಬಿದ್ದು ನೆಗ್ಗಿದ್ರೆ ತೆಗೀಬಹುದಾ?"

"ಅದು ನಮ್ಮ ಕೈ ಮೀರಿದ್ದು ಸಾರ್. ಟಿಂಕರಿಂಗ್ ಆಗ್ಬೇಕು, ಪೇಂಟ್ ಆಗ್ಬೇಕು." ಉತ್ತರ ಸ್ವಲ್ಪ ಬೇಗನೇ ಬಂತು.

"ಔಷಧಿ ಅಂಗಡಿಯವರ ಕಾರು ಯಾವಾಗ ಕೊಟ್ರಿ?"

"ಮಂಗಳವಾರ ಸಂಜೆ. ಪುಸ್ತಕ ನೋಡಿ."

ಪುಸ್ತಕದಲ್ಲಿ ಹಾಗೇ ಇತ್ತು. ಮಂಗಳವಾರ, ಸಂಜೆ ಆರೂವರೆ, ಕೊಟ್ಟಿದೆ. ಪಡೆದುಕೊಂಡವರ ಸಹಿ ಇರಲಿಲ್ಲ.

"ಬುಧವಾರ ಬೆಳಿಗ್ಗೆ ಏಳೂ ಐದಕ್ಕೆ ಅವರಿಗೆ ಫೋನ್ ಮಾಡಿದ್ರಲ್ಲ?"

"ಬಾಗಿಲು ಸರಿಯಾಗಿ ಕೂರ್ತಿದೆಯಾ ಅಂತ ಕೇಳೋಕೆ."

ಪುಸ್ತಕದ ಪ್ರತಿ ಪುಟಕ್ಕೂ ಕಾರಿನ ಚಿತ್ರವಿದ್ದ ಚೀಟಿಯೊಂದನ್ನು ಪಿನ್ ಮಾಡಿತ್ತು, ತೆಗೆಯಬೇಕಾದ ನೆಗ್ಗಿಗೆ ಸುತ್ತು ಹಾಕಿ. ಔಷಧಿಯವನ ಚೀಟಿಯಲ್ಲಿ ಹಿಂದಿನ ಬಾಗಿಲಿಗೆ ಒಂದು ಸುತ್ತು. ಬಾನೆಟ್‌ನ ಎಡಕ್ಕೆ ಒಂದು ಇಂಟು ಗುರುತು. ರೈಟರಮ್ಮ ಅದರ ಫೋಟೋ ತೆಗೆದುಕೊಂಡಳು. ಗೆರೆ ದೀಪದ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಚೌಕಳಿ ಕಾಗದವೊಂದು ಆಕೆಯ ಕಣ್ಣಿಗೆ ಬಿತ್ತು. ನಡುವೆ ಕಪ್ಪು ಚುಕ್ಕೆ. ಕೆಲವು ಗೆರೆಗಳ ಮೇಲೆ ಪೆನ್ಸಿಲಿನಲ್ಲಿ ಅಲೆಅಲೆಯಾಗಿ ತಿದ್ದಿ, ಕೆಳಗೆ ತಾರೀಖು ಹಾಕಿತ್ತು.

"ಇದೇನು?" ಆಕೆ ಮೆಲ್ಲಗೆ ಕೇಳಿದಳು.

"ಏನಿಲ್ಲ ತಾಯಿ. ಗೆರೆ ಅಭ್ಯಾಸ."

ಹೊರಗೆ ಬಂದ ಮೇಲೆ ದಫೇದಾರರು ಗೊಣಗಿದರು. "ಆಸಾಮಿ ಮುಖ ಕೊಟ್ಟು ಮಾತಾಡಲ್ಲ, ಗಮನಿಸಿದ್ರಾ ಸಾರ್? ನಾನು ಎದುರಿಗಿದ್ರೆ ನನ್ನ ಕಿವಿ ಹತ್ರ ನೋಡ್ತಾನೆ."

"ಒಬ್ಬ ನುಂಗೋ ಹಾಗೆ ನೋಡ್ತಾನೆ, ಇನ್ನೊಬ್ಬ ನೋಡೋದೇ ಇಲ್ಲ," ಎಂದರು ಇನ್‌ಸ್ಪೆಕ್ಟರ್. "ಇಬ್ಬರಲ್ಲಿ ಒಬ್ಬ ಸುಳ್ಳು ಹೇಳ್ತಿದ್ದಾನೆ. ಇಬ್ಬರೂ ಹೇಳ್ತಿದ್ರೂ ಆಶ್ಚರ್ಯ ಇಲ್ಲ."

ಹದಿನೇಳು, ಸೋಮವಾರ. ಮೋಟಾರು ವಾಹನ ನಿರೀಕ್ಷಕರು ಬಣ್ಣದ ದಪ್ಪ ಅಳೆಯುವ ಮೀಟರನ್ನು ಕಾರಿನ ಮೈಮೇಲೆಲ್ಲ ಇಟ್ಟು ನೋಡಿ ವರದಿ ಕೊಟ್ಟರು: ಎಲ್ಲ ಕಡೆಯೂ ಕಾರ್ಖಾನೆಯ ಮೂಲ ಬಣ್ಣ, ಎಲ್ಲೂ ಮರುಬಣ್ಣ ಬಳಿದಿಲ್ಲ, ಈ ವಾಹನವು ಅಪಘಾತಕ್ಕೀಡಾದ ಕುರುಹು ಇಲ್ಲ.

ಇನ್‌ಸ್ಪೆಕ್ಟರ್ ವರದಿಯನ್ನು ಎರಡು ಸಲ ಓದಿ ಮೇಜಿನ ಮೇಲೆ ಹಾಕಿದರು. "ಮುಗೀತು. ಕ್ಯಾಮೆರಾದ 47 ಬಹುಶಃ 41. ಮತ್ತೆ ಮೊದಲಿಂದ ಶುರು."

ಅದೇ ಹೊತ್ತಿಗೆ ಅಕ್ಕ ಬಂದಳು. ತಮ್ಮನ ತಲೆಗೆ ಎರಡನೇ ಆಪರೇಷನ್ ಆಗಿತ್ತು. ಪ್ರತಿದಿನ ಹನ್ನೊಂದಕ್ಕೆ ಬಂದು ಬೆಂಚಿನ ಮೇಲೆ ಅರ್ಧ ಗಂಟೆ ಕೂತು ಹೋಗುವುದು ಅವಳ ರೂಢಿಯಾಗಿಬಿಟ್ಟಿತ್ತು.

"ಕಾರು ಸಿಕ್ಕಿದೆಯಂತೆ."

"ಅದು ಆ ಕಾರಲ್ಲ ಅಂತ ವರದಿ ಬಂದಿದೆ," ಎಂದರು ಇನ್‌ಸ್ಪೆಕ್ಟರ್.

"ವರದಿ ಬರೆದೋರಿಗೆ ಎಷ್ಟು ಕಾರಿದೆ ಸಾರ್?"

ಅವಳು ಹೋದ ಮೇಲೆ ಇನ್‌ಸ್ಪೆಕ್ಟರ್ ಕಾರು ಬಿಡುಗಡೆಯ ಪತ್ರ ತಯಾರು ಮಾಡಲು ಹೇಳಿದರು. ಅದಕ್ಕಾಗಿ ರೈಟರಮ್ಮ ಜಪ್ತಿ ಪಂಚನಾಮೆಯನ್ನು ತೆರೆದು ನಕಲು ಮಾಡತೊಡಗಿದಳು. ಸಾಸಿವೆ ಕಾಳಿನಷ್ಟು ಬಣ್ಣ ಹಾರಿದ ಗುರುತು, ಬಾನೆಟ್‌ನ ಎಡಭಾಗ. ಪೆನ್ನು ನಿಂತಿತು. ಫೋನಿನಲ್ಲಿದ್ದ ಚೀಟಿಯ ಚಿತ್ರ ತೆರೆದಳು. ಇಂಟು ಗುರುತು, ಬಾನೆಟ್‌ನ ಎಡಭಾಗ. ಒಂದೇ ಜಾಗ.

ಎದ್ದು ಇನ್‌ಸ್ಪೆಕ್ಟರ್ ಕೋಣೆಯ ಬಾಗಿಲಲ್ಲಿ ನಿಂತಳು. ಅವರು ತಲೆಯೆತ್ತಿದರು.

"ಏನಮ್ಮ?"

"ಸಾರ್, ಈ ಇಂಟು ಮಾರ್ಕು ಏನಂತ ಔಷಧಿ ಅಂಗಡಿಯವರನ್ನ ಒಂದು ಮಾತು ಕೇಳಬಹುದಾ?"

ಕಾರು ವಾಪಸ್ ಸಿಗುತ್ತದೆಂದು ಅವನು ಹತ್ತೇ ನಿಮಿಷದಲ್ಲಿ ಓಡಿಬಂದ. ಚಿತ್ರ ನೋಡಿದ.

"ಓ, ಇದಾ. ಹೋದ ವರ್ಷ ಕ್ರಿಕೆಟ್ ಬಾಲ್ ಬಿದ್ದು ನೆಗ್ಗಿತ್ತು. ನಡುವೆ ಒಂಚೂರು ಬಣ್ಣಾನೂ ಹಾರಿತ್ತು. ಇದನ್ನೂ ತೆಗೀರಿ ಅಂದೆ. ಬಣ್ಣ ಹಾರಿದೆ ಅಂತ ನಾನು ಬಾಯ್ತಪ್ಪಿ ಹೇಳಿದ್ದೇ ತಡ, ಅದು ಆಗಲ್ಲ ಅಂತ ಇಂಟು ಹಾಕಿದ್ರು. ಎಷ್ಟು ಗೋಗರೆದ್ರೂ ಕೇಳಲಿಲ್ಲ."

"ತೋರಿಸಿ, ಎಲ್ಲಿ."

ಠಾಣೆಯ ಹಿತ್ತಲಲ್ಲಿ ತಗಡಿನ ಚಪ್ಪರದಡಿ ನಿಂತಿದ್ದ ಕಾರಿನ ಬಳಿ ಅವನು ಬಗ್ಗಿದ. ಇನ್ನೊಂದು ಕಡೆಯಿಂದ ಬಗ್ಗಿದ. ಸಾಸಿವೆ ಕಾಳಿನ ಗುರುತು ಹಾಗೇ ಇತ್ತು. ಸುತ್ತ ತಗಡು ಹಲಗೆಯಷ್ಟು ಸಮ.

"ಎಲ್ಲಿ ಹೋಯ್ತು? ನನ್ನ ನೆಗ್ಗು ಎಲ್ಲಿ? ಯಾರ್ರೀ ತೆಗೆದಿದ್ದು?"

"ನೆಗ್ಗು ಕಳವು ಅಂತ ಇನ್ನೊಂದು ಎಫ್‌ಐಆರ್ ಹಾಕೋಣ್ವಾ ಸಾರ್?" ಎಂದರು ದಫೇದಾರರು.

ಇನ್‌ಸ್ಪೆಕ್ಟರ್ ನಗಲಿಲ್ಲ. "ಬಾನೆಟ್ ಎತ್ತಿ. ಒಳಗಿನ ಹೊದಿಕೆ ಬಿಚ್ಚಿ."

ಮೋಟಾರು ನಿರೀಕ್ಷಕರು ಬಿಚ್ಚಿರಲಿಲ್ಲ. ಅವರು ಮೇಲಿನ ಬಣ್ಣವನ್ನಷ್ಟೇ ಅಳೆದಿದ್ದರು. ಹೊದಿಕೆ ಬಿಚ್ಚಿದಾಗ ತಗಡಿನ ಒಳಮೈಯ ಲೇಪದ ಮೇಲೆ ನೂರಾರು ಒತ್ತುಗುರುತು ಕಂಡವು, ಒಂದರ ಪಕ್ಕ ಒಂದು, ಅಕ್ಕಿಕಾಳಿನಷ್ಟು. ಕ್ರಿಕೆಟ್ ಬಾಲಿನಗಲ ಅಲ್ಲ. ಒಬ್ಬ ಮನುಷ್ಯನ ಭುಜ ಮತ್ತು ಬೆನ್ನಿನಗಲ.

ಸಂಜೆ ಐದರವರೆಗೆ ಮರು ಪಂಚನಾಮೆ ನಡೆಯಿತು. ಇನ್‌ಸ್ಪೆಕ್ಟರ್ ಮನಸ್ಸಿನಲ್ಲಿ ಕತೆ ಪೂರ್ತಿಯಾಗಿತ್ತು. "ಮಂಗಳವಾರ ಕಾರು ತಗೊಂಡ. ಬುಧವಾರ ಗುದ್ದಿದ. ಏಳೂ ಐದರ ಹೊತ್ತಿಗೆ ಇಬ್ಬರೂ ಮಾತಾಡ್ಕೊಂಡ್ರು. ಸಂಜೆಯೊಳಗೆ ಮೇಸ್ತ್ರಿ ಮುಚ್ಚಿಹಾಕಿದ. ನಾಳೆ ಔಷಧಿಯವನ ದಸ್ತಗಿರಿ. ಪತ್ರ ರೆಡಿ ಮಾಡಮ್ಮ."

ಆಕೆ ಹೊರಡಲಿಲ್ಲ.

"ಮತ್ತೇನು?"

"ಇಬ್ಬರೂ ಸೇರಿ ಮುಚ್ಚಿದ್ರೆ, ನೆಗ್ಗು ಎಲ್ಲಿ ಅಂತ ಅವರೇ ಯಾಕೆ ಕೂಗಿದ್ರು ಸಾರ್?"

"ನಾಟಕ."

"ಮತ್ತೆ ಮೇಸ್ತ್ರಿ... ಬಣ್ಣ ಒಡೆದ ಕಡೆ ಮೂವತ್ತು ವರ್ಷ ಕೈ ಹಾಕದೋರು ಈಗ ಹಾಕಿದ್ದಾರೆ."

"ಗಾಬರಿಯಲ್ಲಿ ಮನುಷ್ಯ ಏನು ಬೇಕಾದ್ರೂ ಮಾಡ್ತಾನಮ್ಮ."

ಪತ್ರದಲ್ಲಿ ಔಷಧಿಯವನ ವಯಸ್ಸು, ವಿಳಾಸದವರೆಗೆ ಬರೆದು ಆಕೆ ಅವತ್ತಿಗೆ ನಿಲ್ಲಿಸಿದಳು.

ಹದಿನೆಂಟು, ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಯಿಂದ ಕರೆ ಬಂತು. ಗಾಯಾಳು ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾನೆ. ರೈಟರಮ್ಮ ಮತ್ತು ದಫೇದಾರರು ಹೋದಾಗ ಅಕ್ಕ ಮಂಚದ ಕಾಲ ಹತ್ತಿರ ಕೂತಿದ್ದಳು. ಬೆಳಿಗ್ಗೆ ತಮ್ಮ ಅವಳನ್ನು "ಅಕ್ಕಾ, ನೀರು" ಎಂದು ಕರೆದಿದ್ದನಂತೆ. ಆ ನೀರಿನ ಲೋಟವನ್ನು ಅವಳು ಇನ್ನೂ ಕೈಯಲ್ಲೇ ಹಿಡಿದಿದ್ದಳು.

"ಹಿಂದಿನಿಂದ ಬಂತು," ಎಂದ ಅವನು, ಪ್ರತಿ ಮಾತಿಗೂ ಉಸಿರು ತೆಗೆದುಕೊಂಡು. "ಎತ್ತಿ ಹಾಕಿತು. ಆಮೇಲೆ ಯಾರೋ ಇಳಿದು ಬಂದ್ರು."

"ಮುಖ ನೋಡಿದ್ರಾ?"

"ಇಲ್ಲ. ಕಣ್ಣಿಗೆ ರಕ್ತ ಬಂದಿತ್ತು. ಅವರು... ಮುಟ್ಟಿ ನೋಡಿದ್ರು."

"ಅಂದ್ರೆ?"

"ನನ್ನ ಮುಖಾನ. ಹಣೆ, ಮೂಗು, ಬಾಯಿ... ಬೆರಳಲ್ಲಿ ಮೆಲ್ಲಗೆ ತಡವಿದ್ರು. ಉಸಿರಾಡ್ತಿದ್ದಾನೆ ಅಂದ್ರು. ಆಮೇಲೆ ಹೋಗ್ಬಿಟ್ರು."

ಉಸಿರು ನೋಡಿದರೆಂಬ ಮಾತಿಗೆ ದಫೇದಾರರು ಮುಖ ಅರಳಿಸಿದರು. "ನಾಡಿ ನೋಡೋ ಅಭ್ಯಾಸ ಇರೋನೇ, ಔಷಧಿಯವನೇ" ಎಂದು ವಾರ್ಡಿನಿಂದ ಹೊರಬರುತ್ತ ಪಿಸುಗುಟ್ಟಿದರು. ರೈಟರಮ್ಮನಿಗೆ ಅದು ಕೇಳಿಸಲಿಲ್ಲ. ಮೊಗಸಾಲೆಯಲ್ಲಿ ಕಣ್ಣಿನ ವಿಭಾಗದ ಬಾಗಿಲಿಗೆ ಅಂಟಿಸಿದ್ದ ಕಾಗದದ ಮುಂದೆ ಆಕೆ ನಿಂತುಬಿಟ್ಟಿದ್ದಳು. ಅಂಗೈಯಗಲದ ಚೌಕಳಿ. ನಡುವೆ ಕಪ್ಪು ಚುಕ್ಕೆ.

"ಸಿಸ್ಟರ್, ಇದು ಯಾತಕ್ಕೆ?"

"ಕಣ್ಣಿನ ನಡುಭಾಗ ಕೆಡ್ತಾ ಬಂದೋರಿಗೆ," ಎಂದಳು ನರ್ಸ್, ಕೈಯಲ್ಲಿದ್ದ ಫೈಲುಗಳನ್ನು ಜೋಡಿಸುತ್ತ. "ಮನೇಲಿ ದಿನಾ ನೋಡ್ಕೊಳ್ಳೋಕೆ ಒಂದೊಂದು ಕೊಡ್ತೀವಿ. ಅವರಿಗೆ ನೆಟ್ಟಗಿರೋ ಗೆರೆ ಸೊಟ್ಟ ಕಾಣುತ್ತೆ. ನಡುವೆ ಇರೋದು ಮಸುಕು. ಪಕ್ಕದ್ದು ಕಾಣುತ್ತೆ, ಅದಕ್ಕೇ ಓರೆಯಾಗಿ ನೋಡ್ತಾರೆ."

ದಫೇದಾರರ ಕೈ ತಾನಾಗಿ ತಮ್ಮ ಕಿವಿಯ ಹತ್ತಿರ ಹೋಯಿತು.

ಮಧ್ಯಾಹ್ನ ಮೂರಕ್ಕೆ ಮೇಸ್ತ್ರಿಯನ್ನು ಠಾಣೆಗೆ ಕರೆಸಿದರು. ಅವರ ಗೆರೆ ದೀಪವನ್ನೂ ತರಿಸಿ, ಹಿತ್ತಲ ಚಪ್ಪರದಡಿ ನೀಲಿ ಕಾರಿನ ಮುಂದೆ ನಿಲ್ಲಿಸಿ, ಉದ್ದದ ವೈರು ಎಳೆದು ಹೊತ್ತಿಸಿದ್ದರು. ಬಾನೆಟ್ ಮೇಲೆ ಹನ್ನೆರಡು ಕಪ್ಪು ಗೆರೆ ಬಿದ್ದಿದ್ದವು. ಒಂದು ತುದಿಯಿಂದ ಇನ್ನೊಂದು ತುದಿಗೆ ಅಡಿಪಟ್ಟಿ ಹಿಡಿದು ಎಳೆದಂತೆ ಓಡುತ್ತಿದ್ದವು. ಇನ್‌ಸ್ಪೆಕ್ಟರ್ ನೋಡಿದರು. ಅವತ್ತೂ ಕರೆಸಿದ್ದ ಔಷಧಿಯವನೂ ನೋಡಿದ. ಯಾರಿಗೂ ಒಂದು ಕೂದಲೆಳೆಯಷ್ಟು ಡೊಂಕು ಸಿಗಲಿಲ್ಲ.

ಇನ್‌ಸ್ಪೆಕ್ಟರ್ ರೈಟರಮ್ಮನ ಕಡೆ ತಿರುಗಿದರು. "ನಿನ್ನ ಪ್ರಶ್ನೆ. ನೀನೇ ಕೇಳಮ್ಮ."

ಆಕೆ ಒಂದು ಹೆಜ್ಜೆ ಮುಂದೆ ಬಂದಳು. "ಮೇಸ್ತ್ರಿಗಳೇ, ಈ ಗೆರೆಗಳಲ್ಲಿ ಯಾವುದಾದ್ರೂ ಬಾಗಿದೆಯಾ? ನೋಡಿ ಹೇಳಿ. ಮುಟ್ಟಬೇಡಿ."

ಮೇಸ್ತ್ರಿ ಬಗ್ಗಿದರು. ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು.

"ನಾಲ್ಕನೇದು... ಐದನೇದೂ. ನಡುವೆ ಬಾಗಿದೆ." ಮತ್ತೆ ಒಂದು ಕ್ಷಣ ಬಿಟ್ಟು, ತಮ್ಮ ಕೆಲಸದ ಬಗ್ಗೆ ನಾಚಿಕೊಂಡವರಂತೆ ಮೆತ್ತಗೆ ಹೇಳಿದರು: "ಇನ್ನೂ ಸ್ವಲ್ಪ ಉಳಿದುಬಿಟ್ಟಿದೆ."

"ಯಾವುದರಲ್ಲಿ ಉಳಿದಿದೆ?" ಇನ್‌ಸ್ಪೆಕ್ಟರ್ ಕೇಳಿದರು. "ಬಾನೆಟ್‌ಗೆ ಕೈ ಹಾಕಲ್ಲ ಅಂತ ಚೀಟಿಯಲ್ಲಿ ನೀವೇ ಇಂಟು ಹಾಕಿದ್ರಲ್ಲ?"

ಮೇಸ್ತ್ರಿ ನೆಟ್ಟಗಾದರು.

"ಎಲ್ಲ ಗೆರೆಗಳೂ ನೆಟ್ಟಗಿವೆ," ಎಂದಳು ರೈಟರಮ್ಮ. "ಒಂದೂ ಬಾಗಿಲ್ಲ."

ಅವರು ದೀಪದ ಕಡೆ ತಿರುಗಿದರು. ಆಮೇಲೆ ಯಾರನ್ನೂ ಕೇಳದೆ ಗವಸು ಕಳಚಿ, ಬರಿಗೈಯನ್ನು ಬಾನೆಟ್ ಮೇಲಿಟ್ಟು, ಎಡದಿಂದ ಬಲಕ್ಕೆ ಎಳೆದರು.

"ಬೆರಳು ಸರಿಯಾಗಿದೆ ಅನ್ನುತ್ತೆ. ಕಣ್ಣು ಇಲ್ಲ ಅನ್ನುತ್ತೆ. ಬುಧವಾರ ಇಡೀ ದಿನ ಇವೆರಡರ ಜಗಳ ಬಿಡಿಸಿದ್ದೇ ಆಯ್ತು ಸಾರ್."

"ಕಾರು ಓಡಿಸಿದ್ದು ಯಾರು?"

"ನಾನೇ."

"ಇವರು ಜೊತೆಗಿದ್ರಾ?"

"ಇಲ್ಲ. ಇವರಿಗೆ ಏನೂ ಗೊತ್ತಿಲ್ಲ. ಪುಸ್ತಕದಲ್ಲಿ ಮಂಗಳವಾರ ಅಂತ ಆಮೇಲೆ ಬರೆದೆ."

"ಎಷ್ಟು ದಿನದಿಂದ ಹೀಗೆ?"

"ಎಂಟು ತಿಂಗಳು. ಮೊದಲು ಒಂದು ಕಣ್ಣು. ಈಗ ಎರಡೂ. ಡಾಕ್ಟರು ಗಾಡಿ ಓಡಿಸ್ಬೇಡಿ ಅಂದಿದ್ರು. ನೇರ ರಸ್ತೆ, ಒಂದೂವರೆ ಮೈಲಿ, ಜನ ಇಲ್ಲದ ಹೊತ್ತು ಅಂತ ಹೊರಟೆ."

"ಸೈಕಲ್?"

"ನಡುವೆ ಒಂದು ಮಬ್ಬು ಯಾವಾಗಲೂ ಇರುತ್ತೆ. ಅವನು ಅದರೊಳಗಿದ್ದ."

ಬಣ್ಣ ಹಾರಿದ್ದನ್ನು ಮರೆತದ್ದು ಹೇಗೆಂದು ರೈಟರಮ್ಮ ಕೇಳಿದಾಗ ಅವರು ಆ ಜಾಗವನ್ನು ಬೆರಳಲ್ಲಿ ಹುಡುಕಿದರು. ಸಿಗಲಿಲ್ಲ. ಆಕೆ ತೋರಿಸಬೇಕಾಯಿತು. "ಇದಾ? ಕಂಡಿದ್ರೆ ಕೈ ಹಾಕ್ತಿರಲಿಲ್ಲ ತಾಯಿ," ಎಂದರು. "ಬೆರಳಿಗೆ ಎಲ್ಲ ನೆಗ್ಗೂ ಒಂದೇ."

ಔಷಧಿ ಅಂಗಡಿಯವನು ಮೊದಲ ಬಾರಿಗೆ ಕಣ್ಣು ಕೆಳಗೆ ಹಾಕಿದ್ದ.

ನಾಲ್ಕೂ ಹತ್ತಕ್ಕೆ ದಸ್ತಗಿರಿ ಮಾಡಲಾಯಿತು. ಅರ್ಧ ಬರೆದಿಟ್ಟಿದ್ದ ಹಳೆಯ ಪತ್ರವನ್ನು ರದ್ದುಮಾಡಿ ರೈಟರಮ್ಮ ಹೊಸದು ಬರೆದಳು. ಕೇಸ್ ಡೈರಿಗೆ ಕಾರಣ ಬರೆಯಬೇಕಿತ್ತು. ಇನ್‌ಸ್ಪೆಕ್ಟರ್ ಕೊನೆಯದಾಗಿ ಅದನ್ನೇ ಕೇಳಿದರು.

"ಇಳಿದು ಮುಟ್ಟಿ ನೋಡಿದೋರು ಬಿಟ್ಟು ಯಾಕೆ ಹೋದ್ರಿ? ಜೈಲಿಗೆ ಹೆದರಿದ್ರಾ?"

"ಯಾರೋ ನಡ್ಕೊಂಡು ಬರ್ತಿದ್ದ ಸದ್ದು ಕೇಳಿಸ್ತು ಸಾರ್. ಬಂದೋರು ಮೊದಲು ಏನು ಕೇಳ್ತಾರೆ? ಏನ್ರೀ, ಕಾಣಿಸ್ಲಿಲ್ವಾ ಅಂತ." ಅವರು ಇನ್‌ಸ್ಪೆಕ್ಟರ್ ಭುಜದ ಪಕ್ಕ ಎಲ್ಲೋ ನೋಡುತ್ತಿದ್ದರು. "ಆ ಒಂದು ಪ್ರಶ್ನೆಗೆ ಹೆದರಿದೆ. ಊರವರೆಲ್ಲ ನನ್ನ ಕಣ್ಣನ್ನ ನಂಬಿ ಕಾರು ಬಿಡೋದು. ಅದು ಹೋಗಿದೆ ಅಂತ ನನ್ನ ಬಾಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ."

ಆಕೆ ಅದನ್ನು ಹೇಳಿದಂತೆಯೇ ಬರೆದು, ಓದಿ ಹೇಳಿದಳು. ಸಹಿಯ ಜಾಗಕ್ಕೆ ಅವರ ಬೆರಳನ್ನು ತಂದಿಟ್ಟಳು. ಅವರು ಸಹಿ ಹಾಕಿ, ಪೆನ್ನು ವಾಪಸ್ ಕೊಡುವಾಗ ದನಿ ತಗ್ಗಿಸಿದರು.

"ಮನೆಗೆ ಫೋನ್ ಮಾಡ್ತೀರಲ್ಲ ತಾಯಿ. ಆಕ್ಸಿಡೆಂಟ್ ಅಂತಷ್ಟೇ ಹೇಳಿ. ಕಣ್ಣಿನ ವಿಷಯ ನಾನೇ ಹೇಳ್ತೀನಿ."

ದಸ್ತಗಿರಿಯನ್ನು ಮನೆಯವರಿಗೆ ತಿಳಿಸುವುದು ನಿಯಮ. ರೈಟರಮ್ಮ ಫೋನ್ ಎತ್ತಿಕೊಂಡಳು. ಅತ್ತಲಿಂದ ಅವರ ಹೆಂಡತಿ ಎಲ್ಲವನ್ನೂ ಕೊನೆಯವರೆಗೆ ಕೇಳಿಸಿಕೊಂಡರು. ಅಳಲಿಲ್ಲ. ಪೊಲೀಸರ ದಡ್ಡತನಕ್ಕೆ ಮರುಗುವವರಂತೆ ನಿಧಾನವಾಗಿ, ಬಿಡಿಸಿ ಹೇಳಿದರು.

"ನೋಡಮ್ಮ, ನೀವು ಯಾರನ್ನೋ ಹಿಡಿಯೋಕೆ ಹೋಗಿ ಯಾರನ್ನೋ ಹಿಡಿದಿದ್ದೀರ. ತಗಡಿನ ಮೇಲೆ ಕೂದಲೆಳೆಯಷ್ಟು ಗೆರೆ ಬಾಗಿದ್ರೂ ನಮ್ಮನೆಯೋರಿಗೆ ಕಾಣುತ್ತೆ. ಎದುರಿಗಿದ್ದ ಅಷ್ಟು ದೊಡ್ಡ ಮನುಷ್ಯ ಕಾಣಲ್ವಾ?"

"ಅದನ್ನ ಅವರೇ ನಿಮಗೆ ಹೇಳ್ತಾರಮ್ಮ," ಎಂದು ರೈಟರಮ್ಮ ಫೋನ್ ಇಟ್ಟಳು. ಆಕೆ ಪತ್ರದ ಕೊನೆಯ ಸಾಲು ತುಂಬಿದಳು: ಸಂಜೆ ನಾಲ್ಕೂ ಇಪ್ಪತ್ತೈದು, ಆರೋಪಿಯ ಪತ್ನಿಗೆ ವಿಷಯ ತಿಳಿಸಲಾಗಿದೆ.